ಗಾಡಿ ಅದಲುಬದಲು ಮಾಡದ ಹನ್ನೊಂದು ದಿನ

ಟೈರು ಎಷ್ಟು ಸಾವಿರ ಕಿಲೋಮೀಟರ್ ಓಡುತ್ತದೆ ಎಂದು ಮಾತ್ರ ನನ್ನನ್ನು ಕೇಳಬೇಡಿ. ಗೋಕಾಕದ ಪೇಟೆಗೆ ಕಾಯಿಪಲ್ಲೆ ತರಲು ಹೊರಟರೂ ಯಾರಾದರೊಬ್ಬರು ಬೈಕು ನಿಲ್ಲಿಸಿ ಅದನ್ನೇ ಕೇಳುತ್ತಾರೆ. ಮಳೆಯಲ್ಲಿ ಬ್ರೇಕು ಹಾಕಿದರೆ ನಿಲ್ಲುತ್ತದೆಯೇ ಎಂದು ಕೇಳಿದವರು ನನ್ನ ಇಡೀ ನೌಕರಿಯಲ್ಲಿ ನಾಲ್ಕೈದು ಜನ ಇದ್ದಾರು. ನನಗೆ ಸಿಟ್ಟು ಬರುತ್ತದೆ. ಮೊದಲು ಕೇಳಿದವರ ಮೇಲೆ ಬರುತ್ತದೆ. ಮನೆ ಮುಟ್ಟುವಷ್ಟರಲ್ಲಿ ಅದು ನನ್ನ ಮೇಲೆಯೇ ತಿರುಗಿರುತ್ತದೆ, ಯಾಕೆಂದರೆ ಈ ಸೀಮೆಯ ಜನಕ್ಕೆ ಆ ಒಂದೇ ಪ್ರಶ್ನೆ ಕಲಿಸಿದವರಲ್ಲಿ ನಾನೂ ಒಬ್ಬ.

ನಾನು ಓದಿದ್ದು ಹತ್ತನೆಯ ತರಗತಿವರೆಗೆ. ಟೈರು ತಯಾರಿಸುವ ಒಂದು ಕಂಪನಿಯಲ್ಲಿ ರಸ್ತೆ ಪರೀಕ್ಷೆಯ ಸವಾರನಾಗಿ ಸೇರಿದೆ, ಅಲ್ಲಿಂದಲೇ ನಿವೃತ್ತನಾದೆ. ನಡುವೆ ಸಿಕ್ಕ ಬಡ್ತಿಗಳ ಸುದ್ದಿ ಯಾರಿಗೂ ಬೇಡ. ಕೆಲಸ ಹೇಳಲು ಸುಲಭ. ಒಂದೇ ಬಗೆಯ ಎರಡು ಬೈಕು, ಎರಡಕ್ಕೂ ಬೇರೆ ಬೇರೆ ಟೈರು. ಇಬ್ಬರು ಸವಾರರು ಒಂದೇ ದಾರಿಯಲ್ಲಿ, ಒಂದೇ ವೇಗದಲ್ಲಿ ದಿನವೂ ಓಡಿಸಬೇಕು. ವಾರಕ್ಕೊಮ್ಮೆ ಗೇಜು ಇಟ್ಟು ಟೈರಿನ ಗೀರುಗಳ ಆಳ ಅಳೆಯಬೇಕು. ಯಾವುದು ಕಡಿಮೆ ಸವೆಯಿತು, ಯಾವುದು ರಸ್ತೆಯನ್ನು ಚೆನ್ನಾಗಿ ಹಿಡಿಯಿತು ಎಂದು ಬರೆದು ಕಳಿಸಬೇಕು.

ಕೊನೆಯ ವರ್ಷಗಳಲ್ಲಿ ನನ್ನ ಪಾಲಿಗೆ ಬಂದದ್ದು ದೂರ ಪ್ರಯಾಣದ ದೊಡ್ಡ ಬೈಕುಗಳ ಟೈರು. ಇವುಗಳಿಂದ ಜನ ಎರಡನ್ನೂ ಬಯಸುತ್ತಾರೆ. ಹೆದ್ದಾರಿಯಲ್ಲಿ ತಿಂಗಳುಗಟ್ಟಲೆ ಓಡಿದರೂ ಸವೆಯಬಾರದು, ತಿರುವಿನಲ್ಲಿ ಗಾಡಿ ವಾಲಿಸಿದರೆ ಜಾರಲೂ ಬಾರದು. ರಬ್ಬರು ಗಟ್ಟಿಯಾದಷ್ಟು ಹೆಚ್ಚು ಓಡುತ್ತದೆ, ಮೆತ್ತಗಾದಷ್ಟು ಹೆಚ್ಚು ಹಿಡಿಯುತ್ತದೆ. ಒಂದೇ ಟೈರಿನಲ್ಲಿ ನಡುವೆ ಗಟ್ಟಿ ರಬ್ಬರು, ಅಂಚಿಗೆ ಮೆತ್ತನೆಯದು ಹಾಕುವ ವಿದ್ಯೆ ನಮ್ಮ ಕಂಪನಿಗೆ ತಡವಾಗಿ ಬಂತು.

ನಾವು ಮಾಡಿದ ಮೂರ್ಖತನಗಳಿಗೆ ಲೆಕ್ಕವಿಲ್ಲ. ಎರಡು ವರ್ಷ ನಾನು ಟೈರಿನ ನಟ್ಟನಡುವಿನ ಗೀರನ್ನು ಮಾತ್ರ ಅಳೆದೆ. ಹೆದ್ದಾರಿಯಲ್ಲಿ ನೇರ ಓಡಿದ ಟೈರು ನಡುವೆ ಸವೆದು ಚಪ್ಪಟೆಯಾಗುತ್ತದೆ, ಎರಡೂ ಬದಿಗೆ ಏಣು ಏಳುತ್ತದೆ. ಆಮೇಲೆ ತಿರುವಿನಲ್ಲಿ ಗಾಡಿ ಮೆಲ್ಲಗೆ ವಾಲುವುದಿಲ್ಲ, ಆ ಏಣು ದಾಟಿದ ಕೂಡಲೇ ದಬಕ್ಕನೆ ಬೀಳುವಂತೆ ವಾಲುತ್ತದೆ. ಗೀರಿನ ಆಳ ಇನ್ನೂ ಅರ್ಧ ಉಳಿದಿರುತ್ತಿತ್ತು. ನನ್ನ ಅಂಕಿ ಸರಿಯಾಗಿತ್ತು, ಟೈರು ಕೆಟ್ಟಿತ್ತು. ಇದನ್ನು ನಾನು ಸಾಹೇಬರಿಗೆ ಹೇಳಿದೆ. ಅವರು ಪರೀಕ್ಷಾ ವಿಭಾಗದ ಮುಖ್ಯಸ್ಥರು, ತಿಂಗಳಿಗೊಮ್ಮೆ ಕಾರಿನಲ್ಲಿ ಬರುತ್ತಿದ್ದರು. ಬೈಕು ಹತ್ತಿದ್ದನ್ನು ನಾನು ನೋಡಿಲ್ಲ.

"ಎಷ್ಟು ಮಿಲಿಮೀಟರ್ ವಾಲತೈತಿ ಅಂತ ಗೇಜ್ ತೋರಸತೈತೇನ್ರಿ?" ಎಂದರು.

"ಗೇಜಿಗೆ ಅದು ತಿಳಿಯೂದಿಲ್ರಿ ಸರ್. ಕುಂತವಗ ತಿಳೀತೈತಿ."

"ಅನಿಸಿಕಿ ಬರಿಬ್ಯಾಡ್ರಿ. ಅಂಕಿ ಬರೀರಿ."

ಆ ಮಾತು ನಮ್ಮ ವಿಭಾಗದ ಮಂತ್ರವಾಯಿತು. ಹಿಡಿತದ ಕಾಲಂನಲ್ಲಿ 'ಉತ್ತಮ' ಎಂದು ಬರೆದರೆ ಯಾರೂ ಏನೂ ಕೇಳುತ್ತಿರಲಿಲ್ಲ. 'ಜಾರುತ್ತದೆ' ಎಂದು ಬರೆದರೆ ಎಲ್ಲಿ, ಎಷ್ಟು, ಸಾಕ್ಷಿ ಯಾರು ಎಂದು ಮೂರು ಪುಟ ತುಂಬಬೇಕಾಗಿತ್ತು. ಮೂರು ಪುಟ ಬರೆಯಲಾರದ ಸೋಮಾರಿತನಕ್ಕೆ ಎಷ್ಟು ಟೈರುಗಳು ಉತ್ತಮವಾದವೋ ನನಗೆ ಗೊತ್ತಿಲ್ಲ.

ಹುಕ್ಕೇರಿಯಲ್ಲಿ ಗೊಬ್ಬರದ ಅಂಗಡಿಯ ಯಜಮಾನರೊಬ್ಬರು ನನ್ನನ್ನು ಕರೆದು ತಮ್ಮ ಬೈಕಿನ ಟೈರು ತೋರಿಸಿದ್ದರು. ಒಂಬತ್ತು ವರ್ಷದ ಟೈರು, ಗೀರು ಹೊಸದರಂತೆ ಆಳ. ಊರವರನ್ನು ಸುತ್ತ ನಿಲ್ಲಿಸಿಕೊಂಡಿದ್ದರು. ನಾನು ಹೆಬ್ಬೆರಳಿನ ಉಗುರು ಒತ್ತಿದೆ. ರಬ್ಬರಿನ ಮೇಲೆ ಒಂದು ಗುರುತೂ ಮೂಡಲಿಲ್ಲ.

"ಕಾಕಾ, ಇದು ಟೈರಲ್ರಿ, ಕಟಗಿ. ಇವತ್ತ ಬಿಚ್ಚಿ ಒಗೀರಿ."

"ನಿಮ್ಮ ಧಂದೆನs ಅದಲ್ಲೋ ತಮ್ಮಾ, ಹಳೇದ ಬಿಚ್ಚೂದು ಹೊಸಾದ ಹಾಕೂದು!" ಎಂದು ನಕ್ಕರು. ಸುತ್ತಲಿದ್ದವರೂ ನಕ್ಕರು. ಅವತ್ತು ಸಿಟ್ಟಿನಲ್ಲಿ ಹತ್ತರಗಿಯವರೆಗೂ ಹಲ್ಲು ಕಡಿಯುತ್ತಲೇ ಹೋದೆ. ಇಷ್ಟೆಲ್ಲ ತಿಳಿದಿದ್ದವನು ನಾನು. ತಿಳಿಯದೆ ಮಾಡಿದೆ ಎಂದು ಹೇಳಿಕೊಳ್ಳುವ ದಾರಿಯೇ ನನಗಿಲ್ಲ.

ನನ್ನ ಜೊತೆಗಿದ್ದ ಎರಡನೆಯ ಸವಾರ ಶಿವಪ್ಪ, ಕುಲಗೋಡದವನು, ನನಗಿಂತ ಹದಿನೈದು ವರ್ಷ ಚಿಕ್ಕವನು. ಅವನಂಥ ಕೈ ನಾನು ನೋಡಿಲ್ಲ. ತಿರುವಿನಲ್ಲಿ ಬ್ರೇಕು ಮುಟ್ಟುತ್ತಿರಲಿಲ್ಲ. ಮೊದಲೇ ವೇಗ ಇಳಿಸಿ, ಗಾಡಿ ವಾಲಿಸಿ, ನೀರು ಹರಿದಂತೆ ದಾಟುತ್ತಿದ್ದ. ಬೆಳಿಗ್ಗೆ ಗೋಕಾಕದಿಂದ ಕುಲಗೋಡದ ಮೇಲೆ ಹಾದು ಮೂಡಲಗಿಗೆ ಹೋಗಿ ತಿರುಗಿ ಬರುವುದು, ಮಧ್ಯಾಹ್ನ ಹುಕ್ಕೇರಿ, ಅಲ್ಲಿಂದ ಹತ್ತರಗಿ, ಹೆದ್ದಾರಿಯಲ್ಲಿ ಒಂದಿಷ್ಟು ದೂರ, ಮತ್ತೆ ಗೋಕಾಕ. ಇದು ನಮ್ಮ ದಾರಿ.

ಈ ಕೆಲಸದಲ್ಲಿ ಒಂದು ನಿಯಮವಿದೆ, ಹೊಸಬರು ಇದನ್ನು ಕಿವಿಯಲ್ಲಿ ಹಾಕಿಕೊಳ್ಳಬೇಕು. ಇಬ್ಬರು ಸವಾರರ ಕೈ ಒಂದೇ ಥರ ಇರುವುದಿಲ್ಲ. ಒಬ್ಬ ಜೋರಾಗಿ ಬ್ರೇಕು ಹಾಕಿದರೆ ಅವನ ಟೈರು ಬೇಗ ಸವೆಯುತ್ತದೆ, ಟೈರಿನ ತಪ್ಪಿಲ್ಲದಿದ್ದರೂ. ಅದಕ್ಕೆ ದಿನವೂ ಗಾಡಿ ಅದಲುಬದಲು ಮಾಡಬೇಕು. ನಾವು ಹತ್ತರಗಿಯಲ್ಲಿ ಚಹಾ ಕುಡಿಯುವಾಗ ಕೀಲಿ ಬದಲಿಸಿಕೊಳ್ಳುತ್ತಿದ್ದೆವು. ನಾಳೆ ಅದೇ ಹೊತ್ತಿನವರೆಗೆ ಅವನ ಗಾಡಿ ನನ್ನದು, ನನ್ನದು ಅವನದು.

ಆದರೆ ಅದನ್ನು ಬರೆಯುವ ರೀತಿ ಬೇರೆಯೇ ಇತ್ತು. ಸೋಮವಾರ ಬೆಳಿಗ್ಗೆ ಕುಳಿತು ಇಡೀ ವಾರದ ರಿಜಿಸ್ಟರು ಮೊದಲೇ ತುಂಬಿಬಿಡುತ್ತಿದ್ದೆವು. ಇವತ್ತು ಈ ಗಾಡಿಗೆ ಶಿವಪ್ಪ, ನಾಳೆ ಮಲ್ಲಪ್ಪ, ಅಂದರೆ ನಾನು, ನಾಡಿದ್ದು ಶಿವಪ್ಪ. ಇಬ್ಬರ ಸಹಿಯೂ ಆರು ದಿನಕ್ಕೂ ಸೋಮವಾರವೇ. ಹೇಗೂ ಬದಲಿಸುತ್ತೇವಲ್ಲ, ದಿನಾ ಬರೆಯುವುದೇಕೆ ಎಂಬ ಧೋರಣೆ. ಎಲ್ಲ ಪರೀಕ್ಷಾ ತಂಡಗಳಲ್ಲೂ ಹೀಗೇ ಇತ್ತು. ಎಲ್ಲರೂ ಮಾಡುತ್ತಾರೆಂದು ನಾನು ಬಹಳ ದಿನ ಸಮಾಧಾನ ಹೇಳಿಕೊಂಡೆ. ಈಗ ಆ ಸಮಾಧಾನವನ್ನು ನೆನೆದರೆ ಮೈ ಉರಿಯುತ್ತದೆ.

ಈ ಬರಹಕ್ಕೆ ಕಾರಣವಾದ ವರ್ಷ ಪರೀಕ್ಷೆಗೆ ಬಂದದ್ದು ಎರಡು ಬಗೆಯ ಟೈರು. ಒಂದು ಬಲು ಗಟ್ಟಿ, ಕಂಪನಿಯ ಆಸೆಯೆಲ್ಲ ಅದರ ಮೇಲೆ. ಇನ್ನೊಂದು ಮೆತ್ತನೆಯದು, ಹೋಲಿಸಲು ಇಟ್ಟುಕೊಂಡದ್ದು. ಕಬ್ಬಿನ ಹಂಗಾಮು ಶುರುವಾಗಿತ್ತು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹೊಲದಿಂದ ಏರುವಾಗ ಗಾಲಿಗೆ ಅಂಟಿದ ಕಪ್ಪು ಎರಿ ಮಣ್ಣನ್ನು ಡಾಂಬರಿನ ಮೇಲೆ ಬಳಿದು ಹೋಗುತ್ತವೆ. ಅದರ ಮೇಲೆ ಕಬ್ಬಿನ ಒಣ ಎಲೆಗಳ ರವದಿ. ಒಣಗಿದ್ದರೆ ಏನೂ ಇಲ್ಲ. ಒಂದು ದಿನ ಬೆಳಿಗ್ಗೆ ಜಿಟಿಜಿಟಿ ಮಳೆ ಬಿತ್ತು. ಆವತ್ತು ಗಟ್ಟಿ ಟೈರಿನ ಗಾಡಿ ನನ್ನ ಕೈಯಲ್ಲಿತ್ತು.

ಕುಲಗೋಡದ ಹತ್ತಿರದ ತಿರುವಿನಲ್ಲಿ ಹಿಂದಿನ ಗಾಲಿ ಹೊರಕ್ಕೆ ಹೋಯಿತು. ಒಂದು ಮೊಳವಾದರೂ ಜಾರಿರಬೇಕು. ಕಾಲು ಊರಿದೆ, ಹೇಗೋ ಗಾಡಿ ಎದ್ದು ನಿಂತಿತು. ಕಬ್ಬಿನ ಟ್ರೇಲರ್ ಒಂದು ನನ್ನ ಮೊಣಕೈಗೆ ತಾಗುವಷ್ಟು ಹತ್ತಿರದಿಂದ ಹೋಯಿತು. ಶಿವಪ್ಪ ಮುಂದೆ ಹೋಗಿದ್ದ, ನೋಡಲಿಲ್ಲ. ಮೂಡಲಗಿಯಲ್ಲಿ ಗಾಡಿ ನಿಲ್ಲಿಸಿ ಬೂಟಿಗೆ ಮೆತ್ತಿದ ಮಣ್ಣು ಒರೆಸಿಕೊಂಡೆ.

"ಹೆಂಗೈತ್ರಿ ಮಲ್ಲಣ್ಣಾರ, ಮಳ್ಯಾಗ ಇದರ ಹಿಡಿತ?" ಎಂದು ಅವನು ಕೇಳಿದ.

"ಏನ ಹೆಂಗೈತಿ? ಕಲ್ಲ ಕುಂತಂಗ ಕುಂತೈತಿ," ಎಂದೆ.

ಯಾಕೆ ಹಾಗೆಂದೆ? ಕಂಪನಿಯ ಒತ್ತಡವೆಂದು ಬರೆದರೆ ಓದುವವರು ನಂಬುತ್ತಾರೆ. ಒತ್ತಡ ಇತ್ತು, ಹಂಗಾಮು ಮುಗಿಯುವುದರೊಳಗೆ ಆ ಟೈರು ಪಾಸಾಗಬೇಕೆಂದು ಸಾಹೇಬರು ಹೇಳಿದ್ದರು. ಆದರೆ ಆ ಗಳಿಗೆಯಲ್ಲಿ ನನಗೆ ಸಾಹೇಬರ ನೆನಪೂ ಆಗಲಿಲ್ಲ. ಕಿರಿಯವನ ಮುಂದೆ ಹೆದರಿದೆ ಎಂದು ಒಪ್ಪಿಕೊಳ್ಳಲು ನಾಲಿಗೆ ಏಳಲಿಲ್ಲ, ಅಷ್ಟೇ. ಅಷ್ಟು ಸಣ್ಣ ವಿಷಯ.

ಅವತ್ತು ಹತ್ತರಗಿಯಲ್ಲಿ ಕೀಲಿ ಬದಲಾಯಿತು, ಮೆತ್ತನೆಯ ಟೈರು ನನಗೆ ಬಂತು. ಮರುದಿನ ಹತ್ತರಗಿಯಲ್ಲಿ ನಾನು ಕೀಲಿ ಕೊಡಲಿಲ್ಲ.

"ಶಿವ್ಯಾ, ನನ್ನ ಬೆನ್ನ ಹಿಡದೈತೋ. ಆ ಗಾಡಿ ಹ್ಯಾಂಡಲ್ ನನಗ ಒಗ್ಗವಲ್ದು. ನಾಕ ದಿನಾ ಇದs ಇರಲಿ."

ಎರಡೂ ಗಾಡಿಯ ಹ್ಯಾಂಡಲ್ ಒಂದೇ. ಅವನಿಗೂ ಗೊತ್ತು. ಆದರೂ, "ಇರಲೇಳ್ರಿ, ನಿಮಗ ವಯಸ್ಸಾತು, ನಿಮ್ಮನ್ನ ಈಗs ಗುಜರಿಗೆ ಹಾಕಬೇಕು," ಎಂದು ನಕ್ಕ. ಮರುದಿನ ಮನೆಯಿಂದ ಒಂದು ಬಾಟಲಿಯಲ್ಲಿ ಬೆನ್ನಿಗೆ ಹಚ್ಚುವ ಎಣ್ಣೆ ತಂದುಕೊಟ್ಟ. ನಾನು ತೆಗೆದುಕೊಂಡೆ.

ಹನ್ನೊಂದು ದಿನ ಹೀಗೆ ನಡೆಯಿತು. ನಡುವೆ ಸೋಮವಾರ ಬಂತು. ರಿಜಿಸ್ಟರಿನಲ್ಲಿ ಎಂದಿನಂತೆ ಒಂದು ದಿನ ಬಿಟ್ಟು ಒಂದು ದಿನ ನಮ್ಮ ಹೆಸರು ಬರೆದೆ, ಇಬ್ಬರೂ ಸಹಿ ಹಾಕಿದೆವು. ಮಳೆ ಆಗಾಗ ಬರುತ್ತಿತ್ತು. ಎರಡು ಸಲ ಅವನು ಚಹಾದ ಹೊತ್ತಿನಲ್ಲಿ ತಲೆ ಕೆರೆದುಕೊಂಡು ಹೇಳಿದ: "ಮಲ್ಲಣ್ಣಾರ, ನಮ್ಮೂರ ತಿರುವಿನ್ಯಾಗ ಹಿಂದಿನ ಗಾಲಿ ಜಾರಿದಂಗ ಆತ್ರಿ."

ಅವನಿಗೆ ನಾನು ಕೊಟ್ಟ ಉತ್ತರ ಇದು: "ನೀ ತಿರುವಿನ್ಯಾಗ ಎಕ್ಸಿಲರೇಟರ್ ಗಪ್ಪನ ಬಿಡತಿ. ನನಗೇನ ಜಾರಲಿಲ್ಲಪಾ. ಕೈ ಸುಧಾರಿಸಿಕೋ."

ಅವನು ನನ್ನ ಮಾತು ನಂಬಿದ. ಕೈ ಸುಧಾರಿಸಿಕೊಳ್ಳಲು ಹೋದ. ಹನ್ನೊಂದನೆಯ ದಿನ ಅದೇ ತಿರುವಿನಲ್ಲಿ ಬಿದ್ದ. ನಾನು ಹಿಂದೆಯೇ ಇದ್ದೆ. ಗಾಡಿ ಒಂದು ಕಡೆ ಹೋಯಿತು, ಅವನು ಒಂದು ಕಡೆ. ಬಲಗಡೆಯ ಕಾಲರ್ ಎಲುಬು ಮುರಿದಿತ್ತು, ಎಡ ಮೊಣಕಾಲು ಒಡೆದಿತ್ತು. ಎತ್ತಿ ಕೂಡಿಸಿದಾಗ ಅವನು ಅಂದದ್ದು, "ಕೈ ತಪ್ಪಿತ್ರಿ ಅಣ್ಣಾರ."

ತಿಂಗಳಾದ ಮೇಲೆ ವಿಚಾರಣೆ. ಶಿವಪ್ಪ ಕೋಲು ಊರಿಕೊಂಡು ಬಂದಿದ್ದ. ಗಟ್ಟಿ ಟೈರನ್ನು ಅಷ್ಟೂ ದಿನ ತಾನೊಬ್ಬನೇ ಓಡಿಸಿದ್ದಾಗಿ ಹೇಳಿದ. ಸಾಹೇಬರು ರಿಜಿಸ್ಟರು ಅವನ ಮುಂದೆ ತಿರುಗಿಸಿದರು.

"ಈ ಸಹಿ ಯಾರದು?"

"ನಂದs ರೀ. ಅದು ಸೋಮವಾರ..."

"ನಿಂದು ಹೌದಲ್ಲ, ಮುಗೀತು. ಮಲ್ಲಪ್ಪನವರ, ಗಾಡಿ ಅದಲುಬದಲು ಮಾಡೀರಿಲ್ಲೋ?"

ಶಿವಪ್ಪ ನನ್ನ ಕಡೆ ನೋಡಿದ. ಅವನಿಗೆ ಅನುಮಾನವೇ ಇರಲಿಲ್ಲ, ಮಲ್ಲಣ್ಣ ಇಲ್ಲ ಅನ್ನುತ್ತಾನೆ ಎಂದೇ ನೋಡುತ್ತಿದ್ದ.

"ಹೌದ್ರಿ ಸರ್. ಮಾಡೀವಿ," ಎಂದೆ.

ವರದಿಯಲ್ಲಿ ಬರೆದದ್ದು ಮೂರು ಸಾಲು. ಒಂದೇ ಟೈರು, ಒಂದೇ ರಸ್ತೆ, ಇಬ್ಬರು ಸವಾರರು ಸಮಪಾಲು ಓಡಿಸಿದ್ದಾರೆ. ಒಬ್ಬ ಬಿದ್ದಿದ್ದಾನೆ, ಒಬ್ಬ ಬಿದ್ದಿಲ್ಲ. ಆದ್ದರಿಂದ ಇದು ಸವಾರನ ಅಜಾಗರೂಕತೆ. ಶಿವಪ್ಪನನ್ನು ಕೆಲಸದಿಂದ ತೆಗೆದರು. ಟೈರು ಪಾಸಾಯಿತು. ಸವೆತದ ಅಂಕಿ ನೋಡಿ ಎಲ್ಲರೂ ಕೊಂಡರು. ಎರಡು ಹಂಗಾಮಿನ ನಂತರ ಕಂಪನಿ ಸದ್ದಿಲ್ಲದೆ ಅದೇ ಹೆಸರಿನಲ್ಲಿ ರಬ್ಬರು ಬದಲಿಸಿತು. ಯಾಕೆ ಬದಲಿಸಿದರೆಂದು ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಯಾರನ್ನೂ ಕೇಳಲಿಲ್ಲ. ಪೂರಾ ನೌಕರಿ ಮುಗಿಸಿದೆ. ಬೀಳ್ಕೊಡುವ ದಿನ ಶಾಲು ಹೊದಿಸಿ, ಒಮ್ಮೆಯೂ ಬೀಳದ ಸವಾರ ಎಂದು ಹೊಗಳಿದರು. ನಾನು ಕೈಮುಗಿದೆ.

ಈಗ ಗೇಜು ಫೋನಿಗೆ ಜೋಡಿಸಿರುತ್ತಾರೆ, ಗಾಡಿ ಎಷ್ಟು ವಾಲಿತೆಂಬುದೂ ತೆರೆಯ ಮೇಲೆ ಕಾಣುತ್ತದೆ. ಮಳೆಯ ಹಿಡಿತಕ್ಕೆ ನೀರು ಬಿಟ್ಟ ಬೇರೆ ಪರೀಕ್ಷಾ ರಸ್ತೆಯೇ ಇದೆ. ಸುಧಾರಣೆ ಆಗಿದೆ, ಇಲ್ಲವೆನ್ನುವುದಿಲ್ಲ. ನಮ್ಮ ಓಣಿಯ ಸಹನಾ ಎಂಬ ಎಂಜಿನಿಯರ್ ಹುಡುಗಿ ಇದೇ ಕೆಲಸಕ್ಕೆ ಸೇರಿದ್ದಾಳೆ. ಹೋದ ತಿಂಗಳು ನನ್ನ ಹತ್ತಿರ ಬಂದು ಖುಷಿಯಿಂದ ಫೋನು ತೋರಿಸಿದಳು.

"ಕಾಕಾ, ನಿಮ್ಮ ಹಳೆ ರಿಪೋರ್ಟ್ ನಮಗ ಟ್ರೇನಿಂಗ್‌ದಾಗ ತೋರಿಸಿದ್ರು ನೋಡ್ರಿ. ಟೈರಿನ ತಪ್ಪೋ ಸವಾರನ ತಪ್ಪೋ ಹೆಂಗ ತಿಳ್ಕೊಳ್ಳೂದು ಅನ್ನಾಕ. ಎಷ್ಟ ಚಂದ ಪುರಾವೆ ಐತ್ರಿ!"

ಅದೇ ಮೂರು ಸಾಲು. ಈಗ ಅದು ಪಾಠವಾಗಿದೆ. ಈ ಹುಡುಗಿ ನಾಳೆ ಇನ್ನೊಬ್ಬ ಶಿವಪ್ಪನನ್ನು ಇದೇ ತರ್ಕದಿಂದ ಮನೆಗೆ ಕಳಿಸುತ್ತಾಳೆ. ಅವಳ ಮೇಲೆ ರೇಗಿದೆ, ಅವಳು ಪಾಪ ಗಾಬರಿಯಾಗಿ ಎದ್ದು ಹೋದಳು. ಮರುದಿನ ಬೆಳಿಗ್ಗೆ ಕುಲಗೋಡದ ಬಸ್ಸು ಹತ್ತಿದೆ.

ಶಿವಪ್ಪ ಅಂಗಳದಲ್ಲಿ ಎಮ್ಮೆಗೆ ನೀರು ಕುಡಿಸುತ್ತಿದ್ದ. ಕಾಲು ಸ್ವಲ್ಪ ಎಳೆಯುತ್ತಾನೆ, ಆದರೆ ಗಟ್ಟಿಯಾಗಿದ್ದಾನೆ. ನನ್ನನ್ನು ನೋಡಿ, "ಬರ್ರಿ ಅಣ್ಣಾರ, ಕುಂಡ್ರಿ," ಎಂದು ಹೊರಸು ಹಾಕಿದ. ಬೇರೆಯವರಾಗಿದ್ದರೆ ಎಮ್ಮೆಯ ನೀರನ್ನೇ ನನ್ನ ಮುಖಕ್ಕೆ ಎರಚುತ್ತಿದ್ದರು.

ವಿಚಾರಣೆಯಲ್ಲಿ ಸುಳ್ಳು ಹೇಳಿದ್ದಕ್ಕೆ ಕ್ಷಮೆ ಕೇಳಿದೆ.

"ಅದನ್ನ ನಾ ಯಾವಾಗೋ ಬಿಟ್ಟೇನ್ರಿ. ಪಗಾರ ಹೋಗತೈತಿ ಅಂತ ಹೆದರಿದ್ರಿ. ನಿಮ್ಮ ಸುಳ್ಳಿಂದೇನ ನಾ ಬೀಳಲಿಲ್ಲ. ಬಿದ್ದಿದ್ದು ನನ್ನ ಕೈ ತಪ್ಪಿ." ಎಮ್ಮೆಯ ಬೆನ್ನು ಸವರುತ್ತ ಹೇಳಿದ. "ಗಾಡಿ ಬಿಟ್ಟಬಿಟ್ಟೇನ್ರಿ. ತಮ್ಮನ ಗಾಡಿ ಐತಿ, ಹೊಲಕ್ಕೊಮ್ಮೆ ಒಬ್ಬನs ಹೋಗತೇನಿ, ಎತ್ತಿನ ಗಾಡಿ ಹೊಡದಂಗ. ಹಿಂದ ಯಾರನ್ನೂ ಕುಂಡ್ರಿಸಿಲ್ಲ. ಹೆಂಡ್ತಿ ಕಸ್ತೂರಿನ್ನ ಸುದ್ದಾ. ಜಾರದ ಟೈರನ್ನ ಜಾರಿಸಿದ ಕೈ ಇದು. ನಂಬೂದ ಹೆಂಗ?"

ಆಗ ನನಗೆ ತಿಳಿಯಿತು, ನಾನು ಕಸಿದದ್ದು ನೌಕರಿಯನ್ನಷ್ಟೇ ಅಲ್ಲ ಎಂದು. ಹೇಳಿದೆ. ಆ ಮಳೆಯ ಬೆಳಿಗ್ಗೆಯದು, ನನ್ನ ಗಾಲಿ ಜಾರಿದ್ದು, ಬೆನ್ನಿನ ಸುಳ್ಳು, ಎಲ್ಲ.

ಅವನು ಬಕೀಟು ಕೆಳಗಿಟ್ಟ.

"ನಿನಗೂ ಜಾರಿತ್ತು?"

"ಜಾರಿತ್ತು. ನಿನಗಿಂತ ಮೊದಲ."

"ಮತ್ತ ಕೈ ಸುಧಾರಿಸಿಕೋ ಅಂದ್ಯಲ್ಲೋ ನನಗ!"

ಅವನು ಒಳಗೆ ಕೂಗಿದ: "ಕಸ್ತೂರೀ, ಹೊರಗ ಬಾ. ಇವ ಏನೋ ಹೇಳಾಕತ್ತಾನ. ಹೇಳು, ಇನ್ನೊಮ್ಮೆ ಹೇಳು. ಆಕೀನೂ ಕೇಳಲಿ."

ಅವನ ಹೆಂಡತಿ ಮೂಡಲಗಿಯ ಸಂತೆಗೆ ಹೊರಟಿದ್ದಳು, ಕೈಚೀಲ ಹಿಡಿದೇ ಬಂದಳು. ಮತ್ತೆ ಹೇಳಿದೆ. ಎರಡನೆಯ ಸಲ ಮಾತು ಇನ್ನೂ ಹೊಲಸಾಗಿ ಕೇಳಿಸಿತು.

"ಆ ಎಣ್ಣಿ ನಾನs ಕಾಸಿ ಕಳಿಸಿದ್ದೆ," ಎಂದಳು ಕಸ್ತೂರಿ. "ಬೆಳ್ಳುಳ್ಳಿ ಹಾಕಿ."

ಶಿವಪ್ಪ ತಮ್ಮನ ಬೈಕಿನ ಹತ್ತಿರ ಹೋದ. ಬಗ್ಗಿ ಹಿಂದಿನ ಟೈರಿಗೆ ಉಗುರು ಒತ್ತಿ ನೋಡಿದ, ಮುಂದಿನದಕ್ಕೂ ಒತ್ತಿದ. ಗಾಡಿ ಚಾಲೂ ಮಾಡಿ ಹೆಂಡತಿಗೆ, "ಕುಂಡ್ರು," ಎಂದ.

"ಬಸ್ಸ ಬರತೈತಿ..."

"ಇಷ್ಟ ವರ್ಷ ಬಸ್ಸಿನ್ಯಾಗ ನಿಂತ ಹೋಗಿದ್ದು ಸಾಕು. ಕುಂಡ್ರs ಅಂದೆ."

ಅವಳು ಕುಳಿತಳು. ಅವನು ನನ್ನ ಕಡೆ ಮುಖ ತಿರುಗಿಸದೆ ಹೇಳಿದ: "ಬಾಯಿಲೆ ಹೇಳಿದ್ದು ಸಾಲೂದಿಲ್ಲ. ಅವತ್ತು ಬರದs ನನ್ನ ಕೆಡವಿದಿ. ಈಗೂ ಬರಿ. ಕಂಪನಿಗೆ ಬರಿ, ಆ ಪಾಠ ಓದೂ ಹುಡುಗರಿಗೆ ಬರಿ. ನನ್ನ ಹೆಸರ ಹಾಕು, ನಿಂದೂ ಹಾಕು. ಮತ್ತ ನಾವು ಸಂತಿಯಿಂದ ಬರೂದ್ರೊಳಗ ಇಲ್ಲಿಂದ ಹೋಗು. ಇನ್ನ ಈ ಅಂಗಳಕ್ಕ ಕಾಲಿಡಬ್ಯಾಡ."

ಕಸ್ತೂರಿ ಮೊದಲು ಸೀಟಿನ ಹಿಂದಿನ ಕಂಬಿ ಹಿಡಿದಿದ್ದಳು. ರಸ್ತೆಗೆ ಏರುವಾಗ ಕೈ ಬಿಡಿಸಿ ಅವನ ಭುಜ ಹಿಡಿದಳು.

ಆದ್ದರಿಂದ ಬರೆದಿದ್ದೇನೆ. ಆ ಹನ್ನೊಂದು ದಿನ ಗಾಡಿ ಅದಲುಬದಲು ಆಗಿಲ್ಲ. ಗಟ್ಟಿ ಟೈರಿನ ಮೇಲೆ ಇದ್ದದ್ದು ಕುಲಗೋಡದ ಶಿವಪ್ಪ ಒಬ್ಬನೇ. ಆ ಟೈರು ಒದ್ದೆ ರಸ್ತೆಯಲ್ಲಿ ಜಾರುತ್ತಿತ್ತು, ಅದು ಮಲ್ಲಪ್ಪನಾದ ನನಗೆ ಅವನಿಗಿಂತ ಮೊದಲು ಗೊತ್ತಿತ್ತು. ಅವನ ಕೈ ತಪ್ಪಿರಲಿಲ್ಲ. ಇದರ ಒಂದು ಪ್ರತಿ ಕಂಪನಿಗೆ ಕಳಿಸಿದ್ದೇನೆ, ಒಂದನ್ನು ಸಹನಾಳ ಮನೆಗೆ ಹೋಗಿ ಕೊಟ್ಟು ಬಂದಿದ್ದೇನೆ. ಕುಲಗೋಡದ್ದನ್ನು ಅಂಚೆಗೆ ಹಾಕಬೇಕು. ಕೈಯಾರೆ ಕೊಡಲು ಹೋಗುವಂತಿಲ್ಲ.